ನಡುಗಡ್ಡೆಯ ಲಂಟಾನ ಮತ್ತು ಪಿಕಳಾರದ ಮೇಲ್ವಿಚಾರಣೆ

ಒಂದು ದಟ್ಟ ಕಾಡಿನ ನಡುವೆ ಅಗಲವಾದ ಹೊಳೆಯೊಂದು ಹರಿಯುತ್ತಿತ್ತು. ಹೊಳೆಯ ಮಧ್ಯೆ ಒಂದು ನಡುಗಡ್ಡೆ. ಅಲ್ಲಿನ ಬಯಲು ಮರಳಿನ ಮೇಲೆ ರೀವ ಎಂಬ ಹೊಳೆಹಕ್ಕಿಗಳು ಪ್ರತಿ ಬೇಸಿಗೆಯಲ್ಲೂ ಮೊಟ್ಟೆ ಇಡುತ್ತಿದ್ದವು. ಆದರೆ ಬರಬರುತ್ತಾ ಮುಳ್ಳಿನ ಲಂಟಾನ ಪೊದೆ ನಡುಗಡ್ಡೆಯನ್ನೆಲ್ಲ ನುಂಗಿಬಿಟ್ಟಿತು. ಮೊಟ್ಟೆ ಇಡಲು ಅಂಗೈಯಗಲ ಮರಳೂ ಉಳಿಯಲಿಲ್ಲ.

"ಮುಂದಿನ ಬೇಸಿಗೆಗೂ ಹೀಗೇ ಇದ್ದರೆ ನಾವು ಬೇರೆ ಹೊಳೆ ನೋಡಿಕೊಳ್ಳುತ್ತೇವೆ. ಮತ್ತೆ ಈ ಕಡೆ ಬರುವುದಿಲ್ಲ" ಎಂದು ಹಿರಿಯ ರೀವ ಅತ್ತಿತು.

ಅದನ್ನು ಕೇಳಿ ಕೋರೆಯಪ್ಪ ಎಂಬ ಕಾಡುಹಂದಿಗೆ ಕರುಳು ಚುರುಕ್ ಎಂದಿತು. ಅವನು ದಿನಾ ಬೆಳಿಗ್ಗೆ ಹೊಳೆ ಈಜಿ ಬಂದು, ಮೂತಿಯಿಂದ ಪೊದೆಗಳನ್ನು ಬುಡಸಮೇತ ಎಬ್ಬಿಸತೊಡಗಿದ. ಚಿಪ್ಪಜ್ಜಿ ಎಂಬ ಮುದಿ ಆಮೆ ಸಣ್ಣ ಸಸಿಗಳನ್ನು ಕಚ್ಚಿ ಕೀಳುತ್ತಿದ್ದಳು. ಅವರನ್ನು ಯಾರೂ ಕರೆದಿರಲಿಲ್ಲ. ಕೂಲಿಯಂತೂ ಇಲ್ಲವೇ ಇಲ್ಲ.

ಒಂದು ದಿನ ಸಿಂಗಾರಿ ಎಂಬ ಪಿಕಳಾರ ಹಕ್ಕಿ ಹಾರಿ ಬಂದಿತು.

"ಅಣ್ಣಾ, ನಾನೂ ಸೇರಿಕೊಳ್ಳುತ್ತೇನೆ. ನನ್ನ ಕೊಕ್ಕು ಬಹಳ ಸೂಕ್ಷ್ಮ, ಕೀಳೋಕೆ ಆಗಲ್ಲ. ಬಂಡೆ ಮೇಲೆ ಕೂತು ಎಲ್ಲೆಲ್ಲಿ ಪೊದೆ ಉಳಿದಿದೆ ಅಂತ ನೋಡಿ ಹೇಳ್ತೀನಿ."

"ಸರಿ, ಅದನ್ನಾದರೂ ಮಾಡು" ಎಂದ ಕೋರೆಯಪ್ಪ.

ಸಿಂಗಾರಿಗೆ ಲಂಟಾನದ ಕಪ್ಪು ಹಣ್ಣೆಂದರೆ ಪ್ರಾಣ. ದೊಡ್ಡ ಬಂಡೆಯ ಹಿಂದೆ ಹಣ್ಣು ತುಂಬಿದ ಪೊದೆಯೊಂದಿತ್ತು. ಅದರ ಸುದ್ದಿಯನ್ನು ಅವಳು ಎತ್ತಲೇ ಇಲ್ಲ. "ಆ ಕಡೆ ಎಲ್ಲಾ ಸ್ವಚ್ಛ ಅಣ್ಣಾ! ಬರೀ ಹಾವು, ಹೋಗಬೇಡಿ" ಎಂದಳು.

ಮಳೆ ಬಿತ್ತು. ಕಿತ್ತು ಬಯಲು ಮಾಡಿದ ಜಾಗದಲ್ಲೆಲ್ಲ ಹಸಿರು ಸಸಿಗಳೆದ್ದವು. ಕೋರೆಯಪ್ಪ ಮತ್ತೆ ಕಿತ್ತ. ಹದಿನೈದು ದಿನಕ್ಕೆ ಮತ್ತೆ ಎದ್ದವು. ಮತ್ತೆ ಕಿತ್ತ. ಮತ್ತೆ ಎದ್ದವು!

"ಥೂ! ಸಾಕಾಗಿ ಹೋಯ್ತು ನನಗೆ!" ಕೋರೆಯಪ್ಪ ಮರಳಿನ ಮೇಲೆ ಧೊಪ್ಪನೆ ಕುಸಿದ. "ಮೂತಿ ಸವೆದು ಹೋಯಿತು. ಬೆನ್ನು ಬಿದ್ದುಹೋಯಿತು. ಇದೇನು ಗಿಡವೋ, ಪಿಶಾಚಿಯೋ?"

"ನೀವು ಬೇರು ಸರಿಯಾಗಿ ಕೀಳುತ್ತಿಲ್ಲ ಅಂತ ಕಾಣುತ್ತೆ ಅಣ್ಣಾ" ಎಂದಳು ಸಿಂಗಾರಿ.

ಕೋರೆಯಪ್ಪನ ಕಣ್ಣು ಕೆಂಪಾಯಿತು. ಚಿಪ್ಪಜ್ಜಿ ಮಾತ್ರ ಒಂದು ಸಸಿಯನ್ನು ಕಿತ್ತು ತಿರುಗಿಸಿ ನೋಡಿದಳು.

"ಇದು ಹಳೇ ಬೇರಿನ ಚಿಗುರಲ್ಲ ಕಣಪ್ಪಾ. ಬೀಜದಿಂದ ಹುಟ್ಟಿದ ಸಸಿ. ಎಲ್ಲಕ್ಕಿಂತ ಹೆಚ್ಚು ಸಸಿ ಎದ್ದಿರುವುದು ಸಿಂಗಾರಿ ಕೂರುವ ಬಂಡೆಯ ಬುಡದಲ್ಲಿ. ಏನಮ್ಮಾ, ಹಣ್ಣು ತಿನ್ನುತ್ತೀಯಾ?"

"ಅಯ್ಯೋ ಅಜ್ಜೀ! ನನ್ನ ಜುಟ್ಟಿನಾಣೆ, ಆ ಹಣ್ಣಿನ ರುಚಿಯೇ ನನಗೆ ಗೊತ್ತಿ..."

ಮಾತು ಮುಗಿಯುವ ಮೊದಲೇ ಗಾಬರಿಗೆ ಅವಳ ಹಿಕ್ಕೆ ಪಿಚಕ್ ಎಂದು ಕೋರೆಯಪ್ಪನ ಮೂತಿಯ ಮೇಲೆ ಬಿತ್ತು. ಅದರಲ್ಲಿ ಎರಡು ಲಂಟಾನ ಬೀಜಗಳಿದ್ದವು.

ಕೋರೆಯಪ್ಪ ಸೀದಾ, ಹಾವಿದೆ ಎಂದು ಅವಳು ಹೆದರಿಸಿದ್ದ ದೊಡ್ಡ ಬಂಡೆಯ ಹಿಂದಕ್ಕೆ ನುಗ್ಗಿ, ಅಲ್ಲಿದ್ದ ಪೊದೆಯನ್ನು ಬುಡಸಮೇತ ಕಿತ್ತೆಸೆದ. ಸಿಂಗಾರಿ ಹೆದರಿ ಕಾಡಿಗೆ ಹಾರಿಹೋದಳು.

ಆದರೆ ಸುದ್ದಿ ಅವಳಿಗಿಂತ ಮೊದಲೇ ಕಾಡು ತಲುಪಿತ್ತು. ಅತ್ತಿಮರದ ಗಿಳಿಗಳು ಅವಳನ್ನು ಕೊಂಬೆಗೆ ಇಳಿಯಗೊಡಲಿಲ್ಲ. ಆಲದ ಮರದ ಮೈನಾಗಳು, "ಇಲ್ಲಿ ಯಾವ ಕಳೆ ಬೆಳೆಸೋಕೆ ಬಂದೆ?" ಎಂದು ಅಟ್ಟಿದವು. ಮೂರು ದಿನ ಉಪವಾಸ ಬಿದ್ದು, ನಾಲ್ಕನೆಯ ದಿನ ಅವಳು ತಲೆ ತಗ್ಗಿಸಿ ನಡುಗಡ್ಡೆಗೆ ಮರಳಿದಳು.

"ತಪ್ಪಾಯ್ತು ಅಣ್ಣಾ. ಏನು ಮಾಡಲಿ ಹೇಳಿ."

"ಹೇಳೋದೇನು? ನೀನು ಬಿತ್ತಿದ್ದನ್ನು ನೀನೇ ಕೀಳು!"

ಸಿಂಗಾರಿ ಚಳಿಗಾಲವಿಡೀ ಒಂದೊಂದೇ ಸಸಿಯನ್ನು ತನ್ನ ಸೂಕ್ಷ್ಮ ಕೊಕ್ಕಿನಿಂದ ಕಿತ್ತಳು. ಕೊಕ್ಕು ಉರಿಯಿತು, ಕುತ್ತಿಗೆ ನೋಯಿತು. "ಇನ್ನೂ ಎಷ್ಟಿದೆ ಅಜ್ಜೀ?" ಎಂದು ಗೋಳಾಡಿದಳು.

"ಈಗ ಗೊತ್ತಾಯಿತಾ ನಮ್ಮ ಕಷ್ಟ?" ಎಂದಳು ಚಿಪ್ಪಜ್ಜಿ, ತಾನೂ ಒಂದು ಸಸಿ ಕೀಳುತ್ತಾ.

ಬೇಸಿಗೆ ಬಂತು. ಬಯಲು ಮರಳು ಬಿಸಿಲಿಗೆ ಹೊಳೆಯಿತು. ರೀವ ಹಕ್ಕಿಗಳು ಮೇಲೆ ಎರಡು ಸುತ್ತು ಹಾರಿ, ಕೆಳಗಿಳಿದವು. ಮರುದಿನ ಮರಳಿನ ಗುಳಿಯೊಂದರಲ್ಲಿ ಮಚ್ಚೆಮಚ್ಚೆಯ ಮೊದಲ ಮೊಟ್ಟೆ ಕಂಡಿತು.

ಸಿಂಗಾರಿ ಸಂತೋಷದಿಂದ ಕೂಗಲು ಬಾಯಿ ತೆರೆದಳು.

"ಶ್! ಸುಮ್ಮನಿರೇ!" ಎಂದು ಗದರಿದ ಕೋರೆಯಪ್ಪ, ತುಂಬಿ ಬಂದ ಕಣ್ಣನ್ನು ಯಾರಿಗೂ ಕಾಣದಂತೆ ಆಚೆ ತಿರುಗಿಸಿಕೊಂಡು.

ನೀತಿ: ಹತ್ತು ಮಂದಿಯ ದುಡಿಮೆಯಲ್ಲಿ ಸೇರಿದಂತೆ ನಟಿಸಿ ಒಳಗೊಳಗೇ ಕೆಡಿಸಿದವರು, ಆ ಕೇಡನ್ನು ಕೊನೆಗೆ ತಾವೇ ಬಗ್ಗಿ ತೆಗೆಯಬೇಕಾಗುತ್ತದೆ.