ನಿಂಬೆವ್ವನ ಒಣಬುಡದ ನೇಮ

ದೀಪಕ್ಕ ಎಣ್ಣಿ ಹಾಕ್ರಿ, ಕೂಸುಗಳ ಬಾಯಿ ಮುಚ್ಚಸ್ರಿ, ನಿಂಬೆವ್ವನ ಕಥಿ ಕೇಳ್ರಿ.

ಭೀಮಾನದಿ ದಂಡಿಮ್ಯಾಲೆ ಒಂದೂರು, ಆ ಊರಾಗ ಗುರುಸಿದ್ದವ್ವ ಅಂತ ಒಬ್ಬಾಕಿ, ಅಕಿಗೆ ನೂರಾವೊಂದು ನಿಂಬಿಗಿಡದ ತ್ವಾಟ. ಹಣ್ಣು ಎಷ್ಟು ದಪ್ಪ ಅಂದ್ರ, ಎರಡು ಹೇರಿದ್ರ ಕತ್ತೆ ಕುಂತುಬಿಡೋದು. ಅಕಿ ಅತ್ತಿ ಸಾಯೋ ಮುಂದ ಕೈ ಹಿಡಿದು ನೇಮ ಹೇಳಿದ್ಲು: ಬುಡಕ್ಕ ನೀರು ತಾಗಸಬ್ಯಾಡ, ಮೊಳ ದೂರ ಕೈಬಳಿಯಂಗ ಸುತ್ತ ಕಾಲುವಿ ತೋಡಿ ಅದರಾಗ ಬಿಡು, ಮಳಿಗಿಂತ ಮೊದಲ ಒಣಕಡ್ಡಿ ಕಡಿದು ಸುಡು. ಗುರುಸಿದ್ದವ್ವಗ ಸೊಕ್ಕು. ಮುದುಕಿ ನೀರಿನಾಗೂ ಜಿಪುಣತನ ಮಾಡ್ತಿದ್ಲು ಅಂದು, ದೇವರಿಗೆ ಎರೆದಂಗ ದಿನಾ ಬುಡಕ್ಕ ಹನ್ನೆರಡು ಕೊಡ ಎರೆದ್ಲು, ಎರೆದು ಮಣ್ಣು ಏರಿಸಿದ್ಲು, ಏರಿಸಿ ಅರಿಷಿಣ ಕುಂಕುಮ ಹಚ್ಚಿದ್ಲು.

ತೊಗಟಿ ಒಡೀತು, ಜೇನಿನಂಥ ಅಂಟು ಇಳೀತು. ಗಿಡದಾಗಿನ ತಾಯಿ ನಿಂಬೆವ್ವಗ ಆನಂದದ ಕಣ್ಣೀರು ಬಂತು ಅಂತ ಊರ ಹೆಂಗಸ್ರು ಆರತಿ ತಂದ್ರು, ಗುರುಸಿದ್ದವ್ವ ಹಿಗ್ಗಿ ಇನ್ನೂ ಹನ್ನೆರಡು ಕೊಡ ಎರೆದ್ಲು. ಎಲಿ ಹಳದಿಯಾಗಿ ಉದುರಿದುವು, ಹಣ್ಣು ಗೋಲಿಯಷ್ಟಾದುವು. ಗಂಡ ಶಿವಲಿಂಗಪ್ಪ ಕೊಡ್ಲಿ ಮಸೆದ. "ಹುಣ್ಣಿಮಿ ಮಟ ನೋಡ್ತೀನಿ, ಆಮ್ಯಾಲೆ ಒಂದೂ ಉಳಸಂಗಿಲ್ಲ."

ಮರುದಿನ ಯಾರೋ ಮುದುಕಿ ಬಂದು ಮಜ್ಜಿಗಿ ಬೇಡಿದ್ಲು. ಕುಡಿದು ತುಟಿ ಒರೆಸಿಕೊಂಡು, "ಏ ತಂಗಿ, ಆ ಗಿಡದ ಬುಡದ ಕೆಸರಿನಾಗ ಸಂಜಿತನಕ ನಿಂತು ನೋಡು" ಅಂದ್ಲು. ಗುರುಸಿದ್ದವ್ವ ನಿಂತ್ಲು. ಪಾದ ಬೆಳ್ಳಗ ನೆನೆದು, ಬೆರಳಸಂದಿ ಬಿರಿದು, ಉರಿ ಎದ್ದಿತು.

"ಒಂದು ದಿನಕ್ಕ ನಿನಗ ಹಿಂಗಾದ್ರ, ವರ್ಷಗಟ್ಟಲೆ ನಿಂತ ನಿಂಬೆವ್ವನ ಗತಿ ಏನು? ಅದು ಆನಂದ ಅಲ್ಲಬೇ, ಕೀವು!" ಅಂದ ಮುದುಕಿ ಕಣ್ಮುಂದ ಮಾಯ.

ಗುರುಸಿದ್ದವ್ವ ಸೀರಿ ಕಚ್ಚಿ ಹಾಕಿದ್ಲು, ಗುದ್ದಲಿ ಹಿಡಿದ್ಲು. ಏರಿಸಿದ ಮಣ್ಣು ಎಳೆದು, ಬುಡದಾಗ ನೀರು ನಿಲ್ಲದಂಗ ಇಳಿಜಾರು ಮಾಡಿ, ಮೊಳ ದೂರ ಕಾಲುವಿ ತೋಡಿ, ಅಂಟು ಹೆರೆದು ಮೈಲುತುತ್ತ ಸುಣ್ಣ ಕಲಸಿ ಬಳಿದು, ಒಣಕಡ್ಡಿ ತ್ವಾಟದಾಚೆ ಒಯ್ದು ಸುಟ್ಲು. ಹುಣ್ಣಿಮಿ ದಿನ ಗಂಡ ಕೊಡ್ಲಿ ಹೊತ್ತು ಬಂದ.

"ಮೊದಲ ನನ್ನ ಕಾಲು ಕಡಿ, ಆಮ್ಯಾಲೆ ಇವುಗಳ ಬುಡ ಕಡಿ" ಅಂದ್ಲು.

ಶಿವಲಿಂಗಪ್ಪ ಆ ಕಾಲು ನೋಡಿದ. ಕೊಡ್ಲಿ ಕೆಳಗಿಟ್ಟ, ಇನ್ನೊಂದು ಗುದ್ದಲಿ ತಂದ.

ಒಂಬತ್ತು ಗಿಡ ಸತ್ತುವು, ಬೇರು ಸಮೇತ ಕಿತ್ತು ಸುಟ್ರು. ಉಳಿದುವು ಚಿಗುರಿದುವು. ಮುಂದಿನ ವರ್ಷ ಒಂದೇ ಹಣ್ಣು ಹಿಂಡಿದ್ರ ಏಳೂರಿಗೆ ಶರಬತ್ತಾಗಿ, ಮಿಕ್ಕಿದ್ದು ಹೊಳಿಗೆ ಬಿಟ್ರು. ಅಲ್ಲಿ ಮೀನು ಇವತ್ತಿಗೂ ಹುಳಿಹುಳಿ.

ಈ ನೇಮ ಹಿಡಿದವರಿಗೆ, ಕಥಿ ಹೇಳಿದವರಿಗೆ, ಕೇಳಿದವರಿಗೆ, ಕೇಳ್ತಾ ತೂಕಡಿಸಿದವರಿಗೂ ಗುರುಸಿದ್ದವ್ವನ ಫಲ ಸಿಗಲಿ. ಅವರ ಗಿಡದ ಬುಡ ಒಣಾ ಇರಲಿ, ಟೊಂಗಿ ಹಣ್ಣಿನ ಭಾರಕ್ಕ ನೆಲ ಮುಟ್ಟಲಿ.