ಅನುಕೂಲದ ಕೋಣೆ

ಆಶ್ರಮದಲ್ಲಿ ಗಂಭೀರ ಘಟನೆಯೊಂದು ನಡೆಯಿತು. ಬಾಗಿಲ ಬಳಿ ಬಿಟ್ಟಿದ್ದ ನಲವತ್ತಮೂರು ಜೊತೆ ಚಪ್ಪಲಿಗಳನ್ನು ಯಾರೋ ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ಜೋಡಿಸಿದ್ದರು. ಅತ್ಯಂತ ಹಿರಿಯ ಸಾಧಕರ ಚಪ್ಪಲಿ ಕಟ್ಟಕಡೆಗೆ ಹೋಗಿತ್ತು. ಅವರ ಪಾದ ಚಿಕ್ಕದು.

ಶಿಷ್ಯ ನಿರಂಜನ ತನಿಖೆ ಕೈಗೊಂಡ. ಆರೋಪಿ ಅಲ್ಲೇ ಇದ್ದಳು. ಒಂಬತ್ತು ವರ್ಷದ ಭುವನ, ಕೊನೆಯ ಚಪ್ಪಲಿಯನ್ನು ನೆಟ್ಟಗೆ ಮಾಡುತ್ತಿದ್ದಳು. ಹೆಸರು ಕೇಳಿದರೆ ತಲೆ ಎತ್ತಲಿಲ್ಲ.

ತಾಯಿ ಕಾತ್ಯಾಯಿನಿ ಓಡಿಬಂದವಳೇ, ಯಾರೂ ಏನೂ ಕೇಳುವ ಮೊದಲೇ, "ತಪ್ಪಾಯ್ತು" ಎಂದಳು. ಆಕೆಗೆ ಅದು ಅಭ್ಯಾಸ. "ಅವಳಿಗೆ ಆಟಿಸಂ ಇದೆ ಸ್ವಾಮಿ, ಮಾತಾಡಲ್ಲ. ಊಟ ಮುಗಿಸಿ ಹೊರಟುಬಿಡ್ತೀವಿ."

ನಿರಂಜನ ಕರುಣಾಳು. ಆಕೆಯನ್ನು ಕೂರಿಸಿ ಉಪದೇಶ ಮಾಡಿದ. ಆಮೇಲೆ ಊಟದ ಪಂಕ್ತಿಯಲ್ಲಿ ಕೂತಿದ್ದ ಗುರುಗಳಿಗೆ ವರದಿ ಒಪ್ಪಿಸಿದ.

"ಆ ತಾಯಿಗೆ ತಾಳ್ಮೆಯ ಬಗ್ಗೆ ಹೇಳಿದೆ, ಗುರುಗಳೇ."

"ಎಷ್ಟು ಹೊತ್ತು?"

"ಅರ್ಧ ಗಂಟೆ. ನಡುವೆ ಎರಡು ಸಲ ಮಗಳ ಹಿಂದೆ ಎದ್ದು ಹೋದರು. ನನಗೆ ಸಿಟ್ಟೇ ಬಂತು."

"ಆಮೇಲೆ?"

"ಅವರಿಗೆ ಉಗ್ರಾಣದ ಪಕ್ಕದ ಕೋಣೆಯಲ್ಲಿ ಎಲೆ ಹಾಕಿಸಿದ್ದೀನಿ. ಪಂಕ್ತಿಯ ಗದ್ದಲ ಇರಲ್ಲ. ಅವರ ಅನುಕೂಲಕ್ಕೆ."

"ಅವರು ಕೇಳಿದರಾ?"

"ಕೇಳೋದು ಯಾಕೆ? ನಾನೇ ಅರ್ಥ ಮಾಡಿಕೊಂಡೆ."

ಗುರುಗಳು ತಮ್ಮ ಎಲೆ ಎತ್ತಿಕೊಂಡು ಆ ಕೋಣೆಯತ್ತ ನಡೆದರು. ಅವರು ಮೊದಲ ತುತ್ತು ಎತ್ತುವವರೆಗೆ ಆಶ್ರಮದಲ್ಲಿ ದೊಡ್ಡವರು ಯಾರೂ ಉಣ್ಣುವಂತಿಲ್ಲ. ಪಂಕ್ತಿಯವರು ಬಿಸಿ ಸಾರನ್ನು ನೋಡುತ್ತ ಕೂತರು. ನಿರಂಜನ ಗುರುಗಳ ಹಿಂದೆ ಓಡಿದ.

ಕಾತ್ಯಾಯಿನಿ ನಿಂತುಕೊಂಡೇ ಮಗಳಿಗೆ ಬರೀ ಅನ್ನ ಉಣ್ಣಿಸುತ್ತಿದ್ದಳು.

"ಇಲ್ಲಿ ಕೂತುಕೊಳ್ಳಬಹುದಾ, ತಾಯಿ?"

"ಅಯ್ಯೋ ಗುರುಗಳೇ, ಇವಳು ಅನ್ನ ಎರಚ್ತಾಳೆ."

"ನನಗೆ ಹಲ್ಲಿಲ್ಲ. ನಾನು ಎರಚೋದನ್ನೂ ನೋಡಿ."

ಆಕೆ ನಕ್ಕಳು. ಆದರೆ ಕೂರಲಿಲ್ಲ.

"ರೇಷ್ಮೆ ಸೀರೆ ಉಟ್ಟಿದ್ದೀರಿ. ಏನು ವಿಶೇಷ?"

"ತಂಗಿ ಮಗಳ ಮದುವೆ. ಇವತ್ತೇ."

"ಮತ್ತೆ ಇಲ್ಲಿ?"

"'ಮಗೂಗೆ ಗಲಾಟೆ ಆಗಿಬರಲ್ಲ, ನೀನು ಬರದಿದ್ರೂ ನಡೆಯುತ್ತೆ ಅಕ್ಕಾ' ಅಂದ್ಲು. ನಮ್ಮ ಅನುಕೂಲಕ್ಕೇ ಹೇಳಿದ್ದು." ಸೆರಗು ಸರಿಮಾಡಿಕೊಂಡಳು. "ಸೀರೆ ಮೊದಲೇ ತಗೊಂಡಿದ್ದೆ. ಉಟ್ಕೊಂಡು ಹೋಗೋಕೆ ಬೇರೆ ಜಾಗ ತೋಚಲಿಲ್ಲ."

ನಿರಂಜನ ನೆಲ ನೋಡಿದ.

"ನೀವು ಉಣ್ಣೋದು ಯಾವಾಗ?"

"ಇವಳು ಮಲಗಿದ ಮೇಲೆ. ಅಡುಗೆಮನೇಲಿ ನಿಂತ್ಕೊಂಡು, ಏನಿದ್ರೆ ಅದು."

"ನೀವು ಕೂರೋವರೆಗೆ ನಾನೂ ಉಣ್ಣಲ್ಲ. ನಿರಂಜನ, ಮಗು ಹತ್ತಿರ ಕೂತ್ಕೋ."

"ಇವಳು ಬೇರೆಯವರ ಹತ್ತಿರ ಇರಲ್ಲ, ಗುರುಗಳೇ."

"ಇವನ ಹತ್ತಿರವೂ ಯಾರೂ ಇರಲ್ಲ. ನೋಡೋಣ."

"ನಾನು ಏನು ಹೇಳಿಕೊಡಲಿ?" ನಿರಂಜನ ಕೇಳಿದ.

"ಬಾಯಿ ಮುಚ್ಚಿಕೊಂಡು ಕೂತ್ಕೋ."

ಕೂತ. ಭುವನ ಎಲೆಯಿಂದ ಹುರುಳಿಕಾಯಿ ಹೋಳುಗಳನ್ನು ಒಂದೊಂದಾಗಿ ತೆಗೆದು ನೆಲದ ಮೇಲೆ ಸಾಲು ಮಾಡತೊಡಗಿದಳು. ಅವನು ಸಹಾಯಕ್ಕೆಂದು ಕೈ ಚಾಚಿದಾಗ ಕಿರುಚಿದಳು. ಕೈ ಹಿಂದಕ್ಕೆ ತೆಗೆದ. ಕಿರುಚಾಟ ನಿಂತಿತು. ಅವನನ್ನು ನೋಡದೆ ಇನ್ನೊಂದು ಹೋಳು ಇಟ್ಟಳು.

ಕಾತ್ಯಾಯಿನಿ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಗೋಡೆಗೆ ಒರಗಿ ಎಲೆಯ ಮುಂದೆ ಕೂತಳು.

ಗುರುಗಳು ತುತ್ತು ಎತ್ತಿದರು. ಆಚೆ ಪಂಕ್ತಿಯವರು ತಣ್ಣಗಾದ ಸಾರನ್ನು ಕಲಸಿಕೊಂಡರು.

ಸಂಜೆ ನಿರಂಜನ ತಾಯಿ ಮಗಳನ್ನು ಬಸ್ಸು ಹತ್ತಿಸಿ ಬಂದ. ಬಸ್ಸು ತುಂಬಿತ್ತು. ಅವರ ಪಕ್ಕದ ಸೀಟು ಮಾತ್ರ ಖಾಲಿ ಉಳಿದಿತ್ತು.

"ಗುರುಗಳೇ, ಆ ಹುಡುಗಿ ಒಂದು ಸಲವೂ ನನ್ನ ಮುಖ ನೋಡಲಿಲ್ಲ. ಒಂದು ಮಾತೂ ಆಡಲಿಲ್ಲ. ಇವತ್ತು ಇಲ್ಲಿ ಆಗಿದ್ದಾದರೂ ಏನು?"

"ಆ ತಾಯಿ ಎರಡನೇ ಸಲ ಅನ್ನ ಹಾಕಿಸಿಕೊಂಡರು."