ಅಲಮೇಲಮ್ಮನ ಮೊಗ್ಗಿನ ಜಡೆ ಮತ್ತು ಎರಡು ಕ್ಯಾಮೆರಾ

ಶಿರಾ ಪೇಟೆಯ ರಂಗಶಾಮಯ್ಯನವರ ಫೋಟೋ ಸ್ಟುಡಿಯೋದಲ್ಲಿ ಆಳೆತ್ತರದ ಒಂದು ಕನ್ನಡಿ ಇತ್ತು. ಫೋಟೋ ತೆಗೆಯುವುದಕ್ಕೆ ಕನ್ನಡಿ ಯಾಕೆ ಎಂದು ಈಗಿನ ಮಕ್ಕಳು ನಗಬಹುದು. ಹೇಳುತ್ತೇನೆ ಕೇಳಿ.

ಆಗೆಲ್ಲ ಹೆಣ್ಣುಮಕ್ಕಳಿಗೆ ಸೀಮಂತವಾದರೆ ಜಡೆಯ ತುಂಬ ಮಲ್ಲಿಗೆ ಮೊಗ್ಗು ಹೆಣೆಸಿ, ಆ ಮೊಗ್ಗು ಅರಳುವುದರೊಳಗೆ ಸ್ಟುಡಿಯೋಗೆ ಕರೆದುಕೊಂಡು ಬರುತ್ತಿದ್ದರು. ಮುಂದಿನಿಂದ ತೆಗೆದರೆ ಜಡೆ ಕಾಣದು. ಹಿಂದಿನಿಂದ ತೆಗೆದರೆ ಮುಖ ಕಾಣದು. ಅದಕ್ಕೇ ಬೆನ್ನ ಹಿಂದೆ ಕನ್ನಡಿ ನಿಲ್ಲಿಸುತ್ತಿದ್ದರು. ಮುಖ ಎದುರಿಗೆ, ಜಡೆ ಕನ್ನಡಿಯೊಳಗೆ, ಎರಡೂ ಒಂದೇ ಫೋಟೋದಲ್ಲಿ. ನಿಮ್ಮ ಅಜ್ಜಿಯ ಟ್ರಂಕನ್ನು ಹುಡುಕಿದರೆ ಅಂಥದ್ದೊಂದು ಇಂದಿಗೂ ಸಿಕ್ಕೀತು. ಸಿಕ್ಕರೆ ಜೋಪಾನವಾಗಿಡಿ.

ಇದರಲ್ಲಿ ಒಂದು ಫಜೀತಿ ಇತ್ತು. ಸ್ವಲ್ಪ ಎಚ್ಚರ ತಪ್ಪಿದರೆ ಕನ್ನಡಿಯೊಳಗೆ ಜಡೆಯ ಪಕ್ಕದಲ್ಲಿ ಫೋಟೋಗ್ರಾಫರನೂ ಬಂದು ನಿಂತುಬಿಡುತ್ತಿದ್ದ. ರಂಗಶಾಮಯ್ಯನವರ ಹೆಗ್ಗಳಿಕೆ ಇದ್ದದ್ದೇ ಅಲ್ಲಿ. ನಲವತ್ತು ವರ್ಷದಲ್ಲಿ ಅವರು ತೆಗೆದ ಒಂದು ಫೋಟೋದ ಕನ್ನಡಿಯಲ್ಲೂ ಅವರ ಅಂಗಿಯ ತುದಿ ಸಹ ಕಂಡದ್ದಿಲ್ಲ. ಶಿಷ್ಯ ಹನುಮಂತರಾಯನಿಗೆ ಅವರು ಕಲಿಸಿದ ಮೊದಲ ಪಾಠವೂ ಅದೇ. "ಮೊದ್ಲು ಜಾಗ ನೋಡು. ಆಮೇಲೆ ಕನ್ನಡಿ ನೋಡು. ಆಮೇಲೆ ಡಬ್ಬ ಎತ್ಕಾ." ಡಬ್ಬ ಅಂದರೆ ಕ್ಯಾಮೆರಾ. ಎಷ್ಟೇ ದೊಡ್ಡ ಕ್ಯಾಮೆರಾ ಆದರೂ ಅವರ ಬಾಯಲ್ಲಿ ಅದು ಡಬ್ಬವೇ.

ಕಾಲ ಬದಲಾಯಿತು. ರೀಲು ಹೋಗಿ ಡಿಜಿಟಲ್ ಬಂತು. ವಯಸ್ಸಾದ ರಂಗಶಾಮಯ್ಯನವರು ಸ್ಟುಡಿಯೋವನ್ನು ಹನುಮಂತರಾಯನ ಕೈಗೆ ಒಪ್ಪಿಸಿ ಮನೆಯಲ್ಲಿ ಕೂತರು. ಹನುಮಂತರಾಯ ಆಗ ಮೂವತ್ತೈದರ ಗಂಡಸು, ಕೆಲಸದಲ್ಲಿ ಚುರುಕು. ಸ್ಟುಡಿಯೋಗೆ ಗಾಜಿನ ಬಾಗಿಲು ಹಾಕಿಸಿದ. ಬೆಟ್ಟ, ಕೊಳ, ಹಂಸ ಬರೆದಿದ್ದ ಹಳೆಯ ಪರದೆಯನ್ನು ಮಡಿಸಿ ಅಟ್ಟಕ್ಕೆ ಹಾಕಿದ. ಮೊಗ್ಗಿನ ಜಡೆಗೆ ಯಾರೂ ಬರುತ್ತಿರಲಿಲ್ಲವಾದ್ದರಿಂದ ಕನ್ನಡಿಯನ್ನು ಯಜಮಾನರ ಮನೆಗೇ ಸಾಗಿಸಿದ. ಅದು ಅಲ್ಲಿ ನಡುಮನೆಯ ಗೋಡೆಗೆ ಒರಗಿ ನಿಂತಿತು. ಅಲಮೇಲಮ್ಮ ಅದರ ಒಂದು ಮೂಲೆಗೆ ಕುಂಕುಮ ಇಟ್ಟರು.

ಅಲಮೇಲಮ್ಮ ರಂಗಶಾಮಯ್ಯನವರ ಹೆಂಡತಿ. ಊರಿನ ಹೆಂಗಸರ ಜಡೆಯನ್ನೆಲ್ಲ ತೆಗೆದ ಈ ಮಹಾನುಭಾವರು ಸ್ವಂತ ಹೆಂಡತಿಯ ಮೊಗ್ಗಿನ ಜಡೆಯನ್ನು ಮಾತ್ರ ತೆಗೆದಿರಲಿಲ್ಲ. ಆಕೆಯ ಸೀಮಂತದ ದಿನ ಯಾರದೋ ಮದುವೆಗೆ ಫೋಟೋ ತೆಗೆಯಲು ಹೋಗಿದ್ದರು. ವಾಪಸು ಬರುವ ಹೊತ್ತಿಗೆ ಮೊಗ್ಗೆಲ್ಲ ಅರಳಿ ಬಾಡಿತ್ತು. ಅಂದಿನಿಂದ ಅಲಮೇಲಮ್ಮ ಬಂದವರ ಮುಂದೆಲ್ಲ ಗಂಡನನ್ನು ಆಡಿಕೊಳ್ಳುತ್ತಿದ್ದರು. ನಗುನಗುತ್ತಲೇ ಹೇಳುತ್ತಿದ್ದರು. ಆದರೂ ಆ ಮಾತು ಬಂದಾಗಲೆಲ್ಲ ರಂಗಶಾಮಯ್ಯನವರು ಎದ್ದು ನೀರು ಕುಡಿಯಲು ಒಳಗೆ ಹೋಗುತ್ತಿದ್ದರು.

ಒಂದು ವರ್ಷ ರಂಗಶಾಮಯ್ಯನವರಿಗೆ ಕಣ್ಣು ಮಂಜಾಯಿತು. ಆಪರೇಷನ್ ಆಗಬೇಕು ಅಂದರು ಡಾಕ್ಟರು. ಅಲಮೇಲಮ್ಮ ತಿರುಪತಿ ತಿಮ್ಮಪ್ಪನಿಗೆ ಹರಕೆ ಹೊತ್ತರು. ಇವರಿಗೆ ಕಣ್ಣು ಸರಿಹೋದರೆ ಮುಡಿ ಕೊಡುತ್ತೇನೆ ಎಂದು. ಕಣ್ಣು ಸರಿಹೋಯಿತು. ಅಲಮೇಲಮ್ಮನಿಗೆ ಆಗ ಅರವತ್ತರ ಮೇಲಾಗಿತ್ತು. ಕೂದಲು ಪೂರಾ ಬೆಳ್ಳಗಾಗಿದ್ದರೂ ಇನ್ನೂ ಸೊಂಟ ಮುಟ್ಟುತ್ತಿತ್ತು. ಶನಿವಾರ ಮಧ್ಯಾಹ್ನ ಎರಡು ಗಂಟೆಗೆ ತಿರುಪತಿಯ ಬಸ್ಸಿಗೆ ಹೊರಡುವುದೆಂದು ನಿಶ್ಚಯವಾಯಿತು.

ಶುಕ್ರವಾರ ರಂಗಶಾಮಯ್ಯನವರು ತಾವಾಗಿ ಸ್ಟುಡಿಯೋಗೆ ಬಂದರು. ಬಂದವರು ಕೂರಲೂ ಇಲ್ಲ.

"ಹನುಮಂತ್ರಾಯ, ನಾಳೆ ಬೆಳಗ್ಗೆ ಮನೆಗೆ ಬಾರಪ್ಪ. ನಿಮ್ಮಮ್ಮಂದು ಮೊಗ್ಗಿನ ಜಡೆ ತೆಗೀಬೇಕು. ನಂಗೆ ಕೈ ನಡುಗ್ತೈತೆ. ಈ ಕೂದ್ಲು ಇನ್ನು ನಾಳೆ ಒಂದೇ ದಿನ ಇರಾದು."

ಯಜಮಾನರು ಹೆಂಡತಿಗೆ ನಲವತ್ತು ವರ್ಷದಿಂದ ಬಾಕಿ ಉಳಿಸಿಕೊಂಡಿದ್ದ ಫೋಟೋ ತನ್ನ ಪಾಲಿಗೆ ಬಂತಲ್ಲ ಎಂದು ಹನುಮಂತರಾಯನ ಎದೆ ತುಂಬಿ ಬಂತು. ಅದು ನಿಜವಾದ ಪ್ರೀತಿಯೇ, ಅದರಲ್ಲಿ ಅನುಮಾನ ಬೇಡ. ಆದರೆ ಪ್ರೀತಿಯ ಪಕ್ಕದಲ್ಲೇ ಇನ್ನೊಂದು ಸಂಗತಿಯೂ ಕೂತಿತ್ತು. ಹದಿನೈದು ದಿನದ ಹಿಂದೆ ಅವನು ಹೊಸ ಡಿಎಸ್‌ಎಲ್‌ಆರ್ ಕ್ಯಾಮೆರಾ ತಂದಿದ್ದ. ಊರಿಗೇ ಮೊದಲನೆಯದು. ಅದಕ್ಕೆ ಮೊಳದುದ್ದದ ಲೆನ್ಸು, ತಲೆಯ ಮೇಲೊಂದು ಫ್ಲಾಶು. ಕುತ್ತಿಗೆಗೆ ಹಾಕಿಕೊಂಡು ಪೇಟೆಯಲ್ಲಿ ನಡೆದರೆ ಹೋಟೆಲಿನವರು ದೋಸೆ ಮಗುಚುವುದನ್ನೂ ಬಿಟ್ಟು ನೋಡುತ್ತಿದ್ದರು.

ಮಾರನೆಯ ಬೆಳಗ್ಗೆ ಅವನು ಯಜಮಾನರ ಮನೆಗೆ ಹೋದ. ಹೂವಿನ ಲಕ್ಕಮ್ಮ ಆಗಲೇ ಬಂದು ನಡುಮನೆಯಲ್ಲಿ ಅಲಮೇಲಮ್ಮನ ಬೆನ್ನ ಹಿಂದೆ ಕೂತು ಮೊಗ್ಗು ಹೆಣೆಯುತ್ತಿದ್ದಳು. ಜಗಲಿಯಲ್ಲಿ ಕೂತಿದ್ದ ರಂಗಶಾಮಯ್ಯನವರು ಜುಬ್ಬಾದ ಜೇಬಿನಿಂದ ಪುಟ್ಟ ಕ್ಯಾಮೆರಾ ಒಂದನ್ನು ತೆಗೆದು ಹಲಗೆಯ ಮೇಲೆ ಇಟ್ಟರು. ಸೋಪಿನ ಪೆಟ್ಟಿಗೆಯಷ್ಟು ಗಾತ್ರದ್ದು. ತುಮಕೂರಿನಲ್ಲಿದ್ದ ಮಗಳು ಕೊಟ್ಟದ್ದು.

"ನಿಂದೂ ಐತೆ, ಇದೂ ಐತೆ. ಯಾವ್ದು ತಗಂತೀಯ?" ಅಂದರು.

ಹನುಮಂತರಾಯನಿಗೆ ನಗು ತಡೆಯಲಾಗಲಿಲ್ಲ.

"ಯಜಮಾನ್ರೇ, ಅಮ್ಮನ ಫೋಟೋನ ಈ ಆಟದ ಸಾಮಾನಲ್ಲಿ ತೆಗೆಯೋದೇ? ರಂಗಶಾಮಯ್ಯನೋರ ಹೆಂಡ್ತಿ ಫೋಟೋನ ಶಿಷ್ಯ ಹೆಂಗೆ ತೆಗ್ದ ಅಂತ ಬೀದಿಯೋರು ನೋಡ್ಬೇಕು."

"ಬೀದಿಯೋರಾ?" ಅಂದರು ಯಜಮಾನರು. "ನಡುಮನೆ ಒಂದ್ಸಲ ನೋಡ್ಕಂಡ್ ಬತ್ತೀಯಾ?"

"ನೋಡ್ದೇ ಇರೋ ಮನೇನಾ ಯಜಮಾನ್ರೇ?"

ರಂಗಶಾಮಯ್ಯನವರು ಎದ್ದರು. ಪುಟ್ಟ ಕ್ಯಾಮೆರಾವನ್ನು ಎತ್ತಿ ಜೇಬಿಗೆ ಹಾಕಿಕೊಂಡು ನಿಧಾನವಾಗಿ ಒಳಗೆ ಹೋದರು.

ಹನುಮಂತರಾಯ ಜಗಲಿಯಲ್ಲೇ ಚೀಲ ಬಿಚ್ಚಿದ. ಕ್ಯಾಮೆರಾ ಹೊರಬಂದದ್ದೇ ತಡ, ಎದುರುಮನೆಯವರು, ಪಕ್ಕದ ಮನೆಯವರು, ಹಾಲಿಗೆ ಹೊರಟವರು, ಎಲ್ಲ ಬಂದು ನಿಂತರು. ಇದು ಎಷ್ಟು ದೂರದ್ದು ಹಿಡಿಯುತ್ತೆ ಎಂದು ಒಬ್ಬರು ಕೇಳಿದರು. ಕೋಟೆಯ ಮೇಲಿನ ಗಿಳಿಯ ಮೂಗು ಕೂಡ ಕಾಣುತ್ತದೆ ಎಂದು ಇವನು ಹೇಳಿದ. ಲೆನ್ಸನ್ನು ತಿರುಗಿಸಿ ತೋರಿಸಿದ. ಒಬ್ಬೊಬ್ಬರಿಗೂ ಒಂದೊಂದು ಸಲ ಕಣ್ಣಿಟ್ಟು ನೋಡಲು ಕೊಟ್ಟ. ಹೀಗೇ ಅರ್ಧ ಗಂಟೆ ಹೋಯಿತು. ಈ ನಡುವೆ ಒಳಗಿನಿಂದ ಅಲಮೇಲಮ್ಮ ಗಟ್ಟಿಯಾಗಿ ನಕ್ಕದ್ದು ಕೇಳಿಸಿತು. ಏನೋ ಹೆಂಗಸರ ಮಾತು ಎಂದು ಅವನು ತಿರುಗಿಯೂ ನೋಡಲಿಲ್ಲ.

ಕೊನೆಗೆ ಒಳಗೆ ಹೋದ. ಅಲಮೇಲಮ್ಮ ಹಸಿರು ರೇಷ್ಮೆ ಸೀರೆಯುಟ್ಟು ಕನ್ನಡಿಗೆ ಬೆನ್ನು ಮಾಡಿ ನಿಂತಿದ್ದರು. ಬಿಳಿಯ ಕೂದಲಿಗೆ ಬಿಳಿಯ ಮೊಗ್ಗು, ನಡುನಡುವೆ ಕನಕಾಂಬರದ ಸಾಲು. ನೋಡಿ ಹನುಮಂತರಾಯನ ಕಣ್ಣಲ್ಲಿ ನೀರೇ ಬಂತು. ಕ್ಯಾಮೆರಾ ಎತ್ತಿದ. ಎತ್ತಿದರೆ ಅಲಮೇಲಮ್ಮನ ಮೂಗು, ಮೂಗುಬೊಟ್ಟು, ಅಷ್ಟೇ ಕಂಡದ್ದು. ಆ ಲೆನ್ಸು ದೂರದ್ದಕ್ಕೆ ಹೇಳಿ ಮಾಡಿಸಿದ್ದು. ನಡುಮನೆಯೋ ನಾಲ್ಕು ಹೆಜ್ಜೆ ಅಗಲ. ಹಿಂದೆ ಸರಿದ. ಇನ್ನೂ ಸರಿದ. ಹೊಸಿಲು ದಾಟಿ, ಜಗಲಿ ದಾಟಿ, ಬೀದಿಗಿಳಿದ ಮೇಲೆ ಅಲಮೇಲಮ್ಮ ಚೌಕಟ್ಟಿನೊಳಗೆ ಕೂತರು. ಪಕ್ಕಕ್ಕೆ ಸರಿಯಲು ಜಾಗವಿಲ್ಲ, ಬಾಗಿಲಿನ ನೇರದಲ್ಲೇ ನಿಲ್ಲಬೇಕು. ಒಳಗೆ ಬೆಳಕು ಸಾಲದೆಂದು ಫ್ಲಾಶ್ ಹಾಕಿದ.

"ಅಮ್ಮಾ, ಇಲ್ಲಿ ನೋಡಿ! ಸ್ವಲ್ಪ ನಗಿ!" ಎಂದು ಬೀದಿಯಿಂದ ಕೂಗಿದ.

ಇಷ್ಟು ಜನರ ನಡುವೆ ಯಾರಿಗೆ ನಗು ಬರುತ್ತದೆ? ಅಲಮೇಲಮ್ಮ ಸೆರಗು ಸರಿಮಾಡಿಕೊಂಡು ಗಟ್ಟಿಯಾಗಿ ನಿಂತರು. ಇಪ್ಪತ್ತೆರಡು ಫೋಟೋ ಹೊಡೆದ. ಪ್ರತಿ ಸಲ ಫ್ಲಾಶ್ ಮಿಂಚಿದಾಗಲೂ ಬೀದಿಯವರು ಹೋ ಅಂದರು. ಹಿಂದುಗಡೆಯ ಸಣ್ಣ ಪರದೆಯಲ್ಲಿ ಮುಖ ನೋಡಿದ, ಮುಖದ ಗೆರೆ ಗೆರೆಯೂ ಸ್ಪಷ್ಟವಾಗಿ ಬಂದಿತ್ತು. ಕನ್ನಡಿಯಲ್ಲಿ ಏನೋ ಹೊಳೆಯುತ್ತಿದ್ದದ್ದು ಕಂಡಿತು. ದೀಪದ ಬೆಳಕಿರಬೇಕು ಅಂದುಕೊಂಡ. ಯಾರೋ ಬೆನ್ನು ತಟ್ಟಿದರು. ಅಷ್ಟಕ್ಕೇ ತೃಪ್ತಿಯಾಯಿತು.

ಎರಡು ಗಂಟೆಗೆ ದಂಪತಿಯನ್ನು ತಾನೇ ಬಸ್ಸು ಹತ್ತಿಸಿದ. ಮೂರು ಗಂಟೆಗೆ ಸ್ಟುಡಿಯೋದ ಕಂಪ್ಯೂಟರಿನಲ್ಲಿ ಫೋಟೋ ತೆರೆದ.

ಮೊದಲನೆಯದರಲ್ಲಿ ಅಲಮೇಲಮ್ಮನ ಮುಖ ಇತ್ತು. ಹಿಂದೆ ಕನ್ನಡಿಯಲ್ಲಿ, ಜಡೆ ಇರಬೇಕಾದ ಕಡೆ, ಒಂದು ಬಿಳಿಯ ಬೆಳಕಿನ ಉಂಡೆ. ಅದರ ಪಕ್ಕದಲ್ಲಿ ಕಾಲಗಲಿಸಿ, ದೊಡ್ಡ ಕ್ಯಾಮೆರಾ ಹಿಡಿದು ಹನುಮಂತರಾಯ ನಿಂತಿದ್ದ. ಎರಡನೆಯದರಲ್ಲೂ ಅವನೇ. ಹತ್ತನೆಯದರಲ್ಲೂ ಅವನೇ. ಇಪ್ಪತ್ತೆರಡರಲ್ಲೂ ಅವನೇ. ಜಡೆ ಒಂದರಲ್ಲೂ ಇಲ್ಲ.

ಬಸ್ ನಿಲ್ದಾಣದ ಕಡೆ ಓಡೋಣವೆಂದು ಎದ್ದ. ಬಸ್ಸು ಆಗಲೇ ಊರು ಬಿಟ್ಟು ಒಂದು ಗಂಟೆಯಾಗಿತ್ತು. ಮತ್ತೆ ಕುರ್ಚಿಯಲ್ಲಿ ಕುಸಿದ. ನಾಳೆ ಬೆಳಗ್ಗೆ ಆ ಕೂದಲು ತಿಮ್ಮಪ್ಪನ ಪಾಲು. ಮತ್ತೆ ಸೊಂಟದವರೆಗೆ ಬೆಳೆಯುವಷ್ಟು ಆಯಸ್ಸು ಇಬ್ಬರಲ್ಲಿ ಯಾರಿಗಿದೆ?

ಆಗ ಅವನಿಗೊಂದು ದುರ್ಬುದ್ಧಿ ಬಂತು. ಕಂಪ್ಯೂಟರಿನಲ್ಲಿ ಏನು ಬೇಕಾದರೂ ಮಾಡಬಹುದಲ್ಲ! ಹಳೆಯ ಆಲ್ಬಮ್ಮಿನಿಂದ ಯಾವುದೋ ಮದುಮಗಳ ಮೊಗ್ಗಿನ ಜಡೆ ತಂದ. ಕನ್ನಡಿಯಲ್ಲಿ ತನ್ನನ್ನು ಅಳಿಸಿ, ಅದನ್ನು ಅಂಟಿಸಿ, ಕೂದಲನ್ನು ಬೆಳ್ಳಗೆ ಮಾಡಿದ. ಯಾರಿಗೂ ಗೊತ್ತಾಗದಷ್ಟು ಚೆನ್ನಾಗಿ ಕೂತಿತು. ಗೋಡೆಯ ಮೇಲೆ ಯಜಮಾನರು ತೆಗೆದ ಹಳೆಯ ಫೋಟೋಗಳ ಸಾಲು ಇತ್ತು. ಒಬ್ಬೊಬ್ಬರದೂ ಅವರವರದೇ ಜಡೆ. ಅವನು ಎಷ್ಟೋ ಹೊತ್ತು ಅವನ್ನು ನೋಡುತ್ತ ಕೂತಿದ್ದು, ಅಂಟಿಸಿದ್ದನ್ನು ಅಳಿಸಿ ಹಾಕಿದ.

ಮಂಗಳವಾರ ದಂಪತಿ ವಾಪಸು ಬಂದರು. ಬೋಳು ತಲೆಗೆ ಗಂಧ ಹಚ್ಚಿಕೊಂಡು ಅಲಮೇಲಮ್ಮ ಪುಟ್ಟ ಮಗುವಿನ ಹಾಗೆ ಕಾಣುತ್ತಿದ್ದರು. ಲಡ್ಡು ಕೈಗಿಟ್ಟರು. ಹನುಮಂತರಾಯನಿಗೆ ಅದನ್ನು ಬಾಯಿಗೆ ಹಾಕಿಕೊಳ್ಳಲಾಗಲಿಲ್ಲ. ಪ್ರಿಂಟು ಹಾಕಿಸಿದ್ದ ಒಂದು ಫೋಟೋವನ್ನು ಯಜಮಾನರ ಮುಂದಿಟ್ಟು ತಲೆತಗ್ಗಿಸಿ ನಿಂತ.

"ತಪ್ಪಾಯ್ತು ಯಜಮಾನ್ರೇ. ಇನ್ನೊಂದ್ಸಲ ತೆಗ್ಯೋಕೂ ಆಗ್ದಂಗೆ ಹಾಳ್ಮಾಡ್ಬಿಟ್ಟೆ."

ರಂಗಶಾಮಯ್ಯನವರು ಹೊಸ ಕನ್ನಡಕ ಹಾಕಿಕೊಂಡು ಫೋಟೋವನ್ನು ಕಣ್ಣಿಗೆ ಹತ್ತಿರ ತಂದರು. ಬಹಳ ಹೊತ್ತು ನೋಡಿದರು.

"ನಿನ್ ಫೋಟೋ ಚೆನ್ನಾಗ್ ಬಂದೈತೆ ಕಣಪ್ಪ," ಅಂದರು. "ಅವಳದ್ದು ಬಂದಿಲ್ಲ."

ಹನುಮಂತರಾಯನ ಕಣ್ಣು ತುಂಬಿ ಹರಿಯಿತು. ಅಲಮೇಲಮ್ಮ ಮಧ್ಯೆ ಬಾಯಿ ಹಾಕಿದರು. "ಸಾಕು ಸುಮ್ಕಿರ್ರೀ, ಮಗೂನ ಅಳಿಸ್ಬ್ಯಾಡಿ. ಅದನ್ ತೋರ್ಸಿ."

ರಂಗಶಾಮಯ್ಯನವರು ಜೇಬಿಗೆ ಕೈಹಾಕಿ ಆ ಪುಟ್ಟ ಕ್ಯಾಮೆರಾ ತೆಗೆದು, ಗುಂಡಿ ಒತ್ತಿ, ಅವನ ಕೈಗೆ ಕೊಟ್ಟರು. ಅದರ ಪರದೆ ಬೆಂಕಿಪೊಟ್ಟಣದಷ್ಟು. ಅದರಲ್ಲಿ ಅಲಮೇಲಮ್ಮನ ಜಡೆ ಇತ್ತು. ತಲೆಯಿಂದ ಸೊಂಟದವರೆಗೆ ಒಂದೊಂದು ಮೊಗ್ಗೂ ಕಿಟಕಿಯ ಬೆಳಕಿನಲ್ಲಿ ಕಾಣುತ್ತಿತ್ತು. ಅಲಮೇಲಮ್ಮ ಕೈಗನ್ನಡಿಯೊಂದನ್ನು ಮುಖದೆದುರು ಎತ್ತಿ ಹಿಡಿದಿದ್ದರು. ಆ ಕೈಗನ್ನಡಿಯೊಳಗೆ ಅವರ ಮುಖ, ಬಾಯಿ ತುಂಬ ನಗು.

"ಇದು ಯಾವಾಗ ತೆಗ್ದಿದ್ದು?" ಎಂದ ಹನುಮಂತರಾಯ.

"ನೀನು ಬೀದಿಯೋರಿಗೆ ಗಿಳಿ ಮೂಗು ತೋರಿಸ್ತಿದ್ದಾಗ," ಎಂದರು ಅಲಮೇಲಮ್ಮ. "ಲಕ್ಕಮ್ಮ ಹೆಣೆದು ಮುಗ್ಸಿ, ಮುಖ ನೋಡ್ಕಳಿ ಅಂತ ಕನ್ನಡಿ ಕೊಟ್ಳು. ಎತ್ತಿ ನೋಡ್ತೀನಿ, ಅದರೊಳಗೆ ಇವರು! ಹಿಂದೆ ಮಂಚದ್ ಮೂಲೇಲಿ ಮುದುರ್ಕಂಡು ಕುಂತು, ಸೋಪಿನ ಪೆಟ್ಟಿಗೆ ಹಿಡ್ಕಂಡು ಕಣ್ ಕಿರಿದು ಮಾಡ್ಕಂಡವ್ರೆ. ನಲ್ವತ್ತು ವರ್ಷ ಆದ್ಮೇಲೆ ಬಂದ್ರಲ್ಲಪ್ಪಾ ನನ್ ಸೀಮಂತಕ್ಕೆ ಅಂತ ನಗು ಬಂದ್ಬಿಡ್ತು."

ಹನುಮಂತರಾಯ ಫೋಟೋವನ್ನು ಮತ್ತೆ ನೋಡಿದ. ಕೈಗನ್ನಡಿಯ ಮೂಲೆ ಮೂಲೆಯನ್ನೂ ಹುಡುಕಿದ. ಯಜಮಾನರ ಅಂಗಿಯ ತುದಿಯೂ ಎಲ್ಲೂ ಕಾಣಲಿಲ್ಲ. ಅಲಮೇಲಮ್ಮನ ನಗು ಮಾತ್ರ ಇತ್ತು. ಆ ನಗು ಅವರನ್ನು ನೋಡಿಯೇ ಬಂದದ್ದು.

"ಕೈ ನಡುಗ್ತೈತೆ ಅಂದ್ರಲ್ಲ ಯಜಮಾನ್ರೇ?"

"ನಡುಗ್ತಿತ್ತು. ಮಂಡಿ ಮ್ಯಾಲೆ ಇಟ್ಕಂಡೆ. ಅಷ್ಟು ಚಿಕ್ ಜಾಗಕ್ಕೆ ಅಷ್ಟು ಚಿಕ್ ಡಬ್ಬವೇ ಸರಿ." ರಂಗಶಾಮಯ್ಯನವರು ಅವನ ಹೆಗಲ ಮೇಲೆ ಕೈಯಿಟ್ಟರು. "ನಿನ್ ಡಬ್ಬದ್ದೇನೂ ತಪ್ಪಿಲ್ಲ. ನಾಳೆ ಕಲ್ಯಾಣ ಮಂಟಪದಲ್ಲಿ ಸಾವಿರ ಜನದ್ ಮಧ್ಯೆ ಇದನ್ನ ತಗಂಡ್ ಹೋಗು ಅಂದ್ರೆ ನಾನು ಹೋಗಾಕಿಲ್ಲ, ನಿಂದೇ ಬೇಕು. ನೀನು ಡಬ್ಬ ಆರಿಸ್ದಾಗ ಬೀದಿ ನೋಡ್ದೆ. ನಡುಮನೆ ನೋಡ್ಲಿಲ್ಲ."

ಈಗ ರಂಗಶಾಮಯ್ಯನವರೂ ಇಲ್ಲ, ಅಲಮೇಲಮ್ಮನೂ ಇಲ್ಲ. ಆ ಕನ್ನಡಿ ತಿರುಗಿ ಸ್ಟುಡಿಯೋಗೆ ಬಂದಿದೆ, ಮೂಲೆಯ ಕುಂಕುಮವನ್ನು ಒರೆಸಲು ಹನುಮಂತರಾಯ ಯಾರಿಗೂ ಬಿಡುವುದಿಲ್ಲ. ಅದರ ಪಕ್ಕದ ಗೋಡೆಯಲ್ಲಿ ಎರಡು ಫೋಟೋ ತೂಗುಹಾಕಿದ್ದಾನೆ. ಒಂದರಲ್ಲಿ ಅಲಮೇಲಮ್ಮನ ಜಡೆ ಮತ್ತು ನಗು. ಇನ್ನೊಂದರಲ್ಲಿ ಕಾಲಗಲಿಸಿ ನಿಂತ ಅವನೇ. ಇದನ್ನೇಕೆ ಇಟ್ಟಿದ್ದೀರಿ ಎಂದು ಯಾರಾದರೂ ಕೇಳಿದರೆ, ಕೆಲಸ ಕಲಿತ ದಿನದ ಫೋಟೋ ಅನ್ನುತ್ತಾನೆ. ಇಂದಿಗೂ ಯಾರ ಮನೆಗೆ ಹೋದರೂ ಮೊದಲು ಬರಿಗೈಯಲ್ಲಿ ಒಳಗೆ ಹೋಗಿ ಐದು ನಿಮಿಷ ಕೂತು ಬರುತ್ತಾನೆ. ಚೀಲ ಬಿಚ್ಚುವುದು ಆಮೇಲೆ.

ನೀತಿ: ಕೆಲಸಕ್ಕೆ ಯಾವ ಸಾಧನ ಬೇಕೆಂಬುದನ್ನು ಆ ಕೆಲಸವನ್ನು ನೋಡಿ ಆರಿಸಬೇಕು, ನಮ್ಮನ್ನು ನೋಡುವವರನ್ನು ನೋಡಿ ಆರಿಸಬಾರದು. ತಾನು ಕಾಣಬೇಕೆಂದು ಹೊರಟವನ ಕೈಗೆ ಕೊನೆಗೆ ಸಿಗುವುದು ತನ್ನದೇ ಚಿತ್ರ. ಪ್ರೀತಿಯಿದ್ದವರು ಒಂದು ಮೂಲೆಯಲ್ಲಿ ಸುಮ್ಮನೆ ಕೂತು ನೋಡಿದರೂ ಸಾಕು, ಎದುರಿಗಿರುವವರ ನಗುವಿನಲ್ಲಿ ಅವರಿಗೂ ಜಾಗವಿರುತ್ತದೆ.